ಮಳೆಗಾಲದ ಮಲೆನಾಡಲ್ಲಿ ಹಾವು, ಓತಿ, ಕಪ್ಪೆ ನೋಡೋದು ಹೇಗೆ

ಆಗುಂಬೆಗೆ ಎರಡು ದಿನ ಹೋಗಿ ಬಂದೆವು, ಒಂದೇ ಒಂದು ಹಾವೂ ಕಾಣಲಿಲ್ಲ ಅಂತ ಬೆಂಗಳೂರಿನ ಗೆಳೆಯರು ಆಗಾಗ ಹೇಳುತ್ತಾರೆ. ಎಲ್ಲೆಲ್ಲಿ ಹೋಗಿದ್ರಿ ಅಂತ ಕೇಳಿದರೆ ಮೂರು ಜಲಪಾತ, ಸೂರ್ಯಾಸ್ತದ ಜಾಗ, ಕುಂದಾದ್ರಿ, ಶೃಂಗೇರಿ, ಎಲ್ಲವನ್ನೂ ಅದೇ ಎರಡು ದಿನದಲ್ಲಿ ಮುಗಿಸಿರುತ್ತಾರೆ. ಹಾವು ಇದ್ದವು. ಇವರು ನಿಲ್ಲಲಿಲ್ಲ, ಅಷ್ಟೇ. ಮಲೆನಾಡಲ್ಲಿ ಜೀವಿಗಳನ್ನು ನೋಡಬೇಕು ಅಂದರೆ ಜಾಸ್ತಿ ನಡೆಯಬೇಕಿಲ್ಲ. ಒಂದು ಹಳ್ಳದ ಬದಿ ಅಥವಾ ಒಂದು ಅಡಿಕೆ ತೋಟದ ಅಂಚು ಸಾಕು, ಅಲ್ಲಿ ಒಂದೆರಡು ಗಂಟೆ ನಿಂತು ಕಣ್ಣು ಪಳಗಿಸಿಕೊಳ್ಳಬೇಕು. ನಾನು ಹುಟ್ಟಿ ಬೆಳೆದದ್ದು ಇದೇ ಕಡೆ. ನನಗೆ ಗೊತ್ತಿರೋದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವಾಗ ಬರಬೇಕು ಅನ್ನೋದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈನಲ್ಲಿ ಪುನರ್ವಸು, ಪುಷ್ಯ ಮಳೆ ಜಡಿ ಹಿಡಿದರೆ ದಿನಗಟ್ಟಲೆ ಹನಿ ಕಡಿಯುವುದಿಲ್ಲ, ಹಳ್ಳಗಳು ತುಂಬಿ ಹರಿಯುತ್ತವೆ, ಸಂಕ (ಕಾಲುಸೇತುವೆ) ದಾಟೋದೇ ಅಪಾಯ. ಹೊಸಬರು ಆ ಹೊತ್ತಿಗೆ ಬರಬೇಡಿ. ಮೃಗಶಿರ ಮುಗಿದು ಆರಿದ್ರಾ ಹಿಡಿಯುವ ಜೂನ್ ಮೂರನೇ ವಾರ ಒಳ್ಳೆಯದು, ಕಪ್ಪೆಗಳ ಗದ್ದಲ ಶುರುವಾಗಿರುತ್ತದೆ, ಕಾಲುದಾರಿಗಳು ಇನ್ನೂ ಕೊಚ್ಚಿ ಹೋಗಿರುವುದಿಲ್ಲ. ಇಲ್ಲವೇ ಸೆಪ್ಟೆಂಬರ್, ಮಳೆ ಬಿಟ್ಟು ಬಿಟ್ಟು ಬರುವ ಹೊತ್ತು. ಹಾರುವ ಓತಿ ನೋಡೋ ಆಸೆಯಿದ್ದರೆ ಮಾತ್ರ ಮಳೆ ಪೂರ್ತಿ ಮುಗಿದು ಬಿಸಿಲು ಬಂದ ಮೇಲೆ ಬನ್ನಿ.

ಕಾಲಿಗೆ ಗಂಬೂಟು. ಇದರಲ್ಲಿ ರಾಜಿ ಬೇಡ. ಮೊಣಕಾಲ ಹತ್ತಿರ ಬರುವ ಸಾದಾ ರಬ್ಬರ್ ಬೂಟು ತೀರ್ಥಹಳ್ಳಿ, ಕೊಪ್ಪದ ಅಂಗಡಿಗಳಲ್ಲೇ ಸಿಗುತ್ತದೆ, ತೋಟದ ಕೆಲಸದವರೆಲ್ಲ ಹಾಕೋದು ಅದನ್ನೇ. ನೆಲದ ಮೇಲೆ ಕೂತಿರುವ ಮಂಡಲದ ಹಾವುಗಳು ಸಾಮಾನ್ಯವಾಗಿ ಕಚ್ಚೋದು ಪಾದಕ್ಕೋ ಹರಡಿಗೋ. ಒಳಗೆ ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ. ಉಂಬಳ, ಅಂದರೆ ಜಿಗಣೆ, ಹತ್ತದಿರಲಿ ಅಂತ ಕಾಲುಚೀಲದ ಹೊರಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚುತ್ತಾರೆ, ಕೆಲಸ ಮಾಡುತ್ತದೆ. ಆದರೆ ಅದೇ ಕಾಲಲ್ಲಿ ಹಳ್ಳಕ್ಕೆ ಇಳಿಯಬೇಡಿ, ಕಪ್ಪೆಗಳು ಚರ್ಮದಿಂದಲೇ ಉಸಿರಾಡುತ್ತವೆ, ಹೊಗೆಸೊಪ್ಪಿನ ನೀರು ಅವಕ್ಕೆ ವಿಷ. ಉಂಬಳ ಹತ್ತಿಯೇ ಬಿಟ್ಟರೆ ಗಾಬರಿಯಾಗಿ ಎಳೆಯಬೇಡಿ, ಅದರ ಸಣ್ಣ ತುದಿಯ ಕೆಳಗೆ ಉಗುರು ಜಾರಿಸಿ ಎಬ್ಬಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡೋ ಗುಣ ಅದರ ಜೊಲ್ಲಿನಲ್ಲಿ ಇರೋದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಹೆದರಬೇಕಾದ್ದಿಲ್ಲ.

ಹೆದರಬೇಕಾದ್ದು ಮಂಗನ ಕಾಯಿಲೆ ಹರಡುವ ಉಣುಗಿಗೆ. ಆ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಮಳೆ ನಿಂತು ಕಾಡು ಒಣಗುತ್ತಾ ಬಂದಂತೆ, ಸುಮಾರು ಡಿಸೆಂಬರ್‌ನಿಂದ ಮೇವರೆಗೆ, ಅದರ ಕಾಟ. ಆ ತಿಂಗಳುಗಳಲ್ಲಿ ಬರೋರು ದರಗಿನ ಮೇಲೆ, ಅಂದರೆ ಉದುರಿದ ಒಣ ಎಲೆಗಳ ಮೇಲೆ, ಕೂರಬೇಡಿ, ಮಂಗ ಸತ್ತು ಬಿದ್ದಿದೆ ಅಂತ ಕೇಳಿದ ಕಡೆ ಕಾಲಿಡಬೇಡಿ. ಅಂಥದ್ದು ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೇಳಿ. ಸಂಜೆ ಬಂದ ಕೂಡಲೇ ಬಟ್ಟೆಯನ್ನೆಲ್ಲ ಬಿಸಿನೀರಲ್ಲಿ ನೆನೆಸಿ, ಸೋಪು ಹಾಕಿ ಮೈ ತಿಕ್ಕಿ ಸ್ನಾನ ಮಾಡಿ. ಒಂದೆರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಬೇಕು, ಯಾಕೆಂದರೆ ಊರಿನ ಡಾಕ್ಟರು ಅದನ್ನು ಕೇಳದೇ ಇರಬಹುದು.

ಟಾರ್ಚು ಹಿಡಿಯೋದು, ಕಣ್ಣು ಹಾಕೋದು

ರಾತ್ರಿ ಕಾಡೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗೋ ಹಾಗಿಲ್ಲ, ಹೋಗಬೇಕಾದ ಅಗತ್ಯವೂ ಇಲ್ಲ. ಉಳಿದುಕೊಂಡ ಮನೆಯವರನ್ನು ಕೇಳಿ ಅವರ ತೋಟದ ಬದಿ, ಕೆರೆ ಏರಿ, ಅಗಳದ ಅಂಚು ನೋಡಿ. ಆ ಮನೆಯವರೋ, ಜಾಗ ಗೊತ್ತಿರುವ ಕೆಲಸದವರೋ ಜೊತೆಗಿರಲಿ. ಏಳೂವರೆಯಿಂದ ಹತ್ತರವರೆಗೆ ಒಳ್ಳೆಯ ಹೊತ್ತು. ಟಾರ್ಚನ್ನು ಸೊಂಟದ ಹತ್ತಿರ ಹಿಡಿಯಬೇಡಿ, ಕಣ್ಣಿನ ಪಕ್ಕ, ಕಪಾಲಕ್ಕೆ ತಾಗಿಸಿಕೊಂಡಂತೆ ಹಿಡಿಯಿರಿ. ಆಗ ಕಪ್ಪೆ, ಜೇಡಗಳ ಕಣ್ಣಿನ ಹೊಳಪು ನೇರ ನಿಮ್ಮ ಕಣ್ಣಿಗೇ ಬರುತ್ತದೆ. ತಲೆಗೆ ಕಟ್ಟುವ ಲೈಟು ನಡೆಯೋಕೆ ಚೆನ್ನ, ಆದರೆ ನಿಂತ ಕೂಡಲೇ ಹುಳವೆಲ್ಲ ಮುಖಕ್ಕೆ ಮುತ್ತುತ್ತವೆ.

ಹಾವಿನ ಕಣ್ಣು ಹೀಗೆ ಮಿಂಚುವುದಿಲ್ಲ. ಅದನ್ನು ಆಕಾರದಲ್ಲೇ ಹಿಡಿಯಬೇಕು. ನನ್ನ ದೊಡ್ಡಪ್ಪ ಹೇಳುತ್ತಿದ್ದ ಮಾತೊಂದಿದೆ: "ಹಾವು ಹುಡುಕಬೇಡ ಮಾರಾಯ, ಗಿಡ ನೋಡು. ಗಿಡದಲ್ಲಿ ಗಿಡದ್ದಲ್ಲದ್ದು ಏನಿದೆ ಅಂತ ನೋಡು." ಬಳ್ಳಿ ಯಾವುದಾದರೂ ಒಂದು ಕಡೆಗೆ ಹೋಗುತ್ತಿರುತ್ತದೆ, ಸುರುಳಿ ಸುತ್ತಿ ಮತ್ತೆ ತನ್ನ ಮೇಲೇ ಬಂದು ಕೂರುವುದಿಲ್ಲ. ಕೊಂಬೆಯ ಕವಲಿನಲ್ಲಿ ಮೂರು ಸುತ್ತು ಸುತ್ತಿದ ಒಂದು ಗಂಟು ಕಂಡರೆ ಅಲ್ಲೇ ನಿಲ್ಲಿ. ಐದು ಹೆಜ್ಜೆ ಹಾಕಿ, ನಿಂತು, ಮೊಣಕಾಲಿನ ಎತ್ತರ, ಆಮೇಲೆ ಎದೆಯ ಎತ್ತರ, ಆಮೇಲೆ ತಲೆಯ ಮೇಲೆ ನೋಡಿ. ಮತ್ತೆ ಐದು ಹೆಜ್ಜೆ. ಅರ್ಧ ಗಂಟೆಯಲ್ಲಿ ಐವತ್ತು ಮೀಟರು ದಾಟಿದ್ದರೆ ಜೋರಾಗಿ ನಡೆದಿದ್ದೀರಿ ಅಂತಲೇ ಲೆಕ್ಕ. ಕೈ ಯಾವಾಗಲೂ ಮೈಗೆ ಹತ್ತಿರ ಇರಲಿ, ಜಾರಿದಾಗ ಆಸರೆಗೆ ಅಂತ ಗಿಡ ಹಿಡಿಯೋ ಅಭ್ಯಾಸ ಇಲ್ಲಿ ಒಳ್ಳೆಯದಲ್ಲ. ಒಂದು ಕೋಲು ಹಿಡಿದುಕೊಳ್ಳಿ, ಆಸರೆಗೆ ಅದು ಸಾಕು, ಯಾವ ಪ್ರಾಣಿಯನ್ನೂ ಮುಟ್ಟೋಕಲ್ಲ.

ಹೀಗೆ ನಿಂತರೆ ಮೊದಲು ಸಿಗೋದು ಬಹುಶಃ ಮಲಬಾರ್ ಗುಳಿ ಮಂಡಲ. ಹಸಿರು, ಕಂದು, ಹಳದಿ, ಕಿತ್ತಳೆ, ಒಂದೇ ಜಾತಿಯಲ್ಲಿ ಇಷ್ಟೂ ಬಣ್ಣ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಪಾಚಿಯದೇ ಬಣ್ಣ. ಕಣ್ಣಿಗೂ ಮೂಗಿಗೂ ನಡುವೆ ಒಂದು ಚಿಕ್ಕ ಗುಳಿಯಿದೆ. ಕತ್ತಲಲ್ಲಿ ಹತ್ತಿರ ಬಂದ ಇಲಿಯ ಮೈಬಿಸಿ ಅದಕ್ಕೆ ಗೊತ್ತಾಗೋದು ಆ ಗುಳಿಯಿಂದ. ಬೇಟೆ ಹುಡುಕಿಕೊಂಡು ಹೋಗೋ ಹಾವಲ್ಲ ಇದು, ಕಪ್ಪೆ ಓಡಾಡುವ ಜಾಗ ನೋಡಿ ತಲೆ ಕೆಳಗೆ ಮಾಡಿ ಕಾಯುತ್ತದೆ. ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಒಂದು ಕಂದು ಬಣ್ಣದ್ದು ನಾಲ್ಕು ದಿನ ಒಂದೇ ಟೊಂಗೆಯ ಮೇಲಿತ್ತು. ಮೊದಲ ದಿನ ಮಳೆ ಹನಿ ಅದರ ಬೆನ್ನಿನ ಹುರುಪೆಗಳ ಮೇಲೆ ನಿಂತು, ಸುರುಳಿಯ ಹಳ್ಳಕ್ಕೆ ಇಳಿಯುತ್ತಿತ್ತು. ಎರಡನೇ ದಿನ ಒಂದು ಬಸವನಹುಳು ಅದೇ ಟೊಂಗೆ ಮೇಲೆ ಬಂದು, ಹಾವಿನ ಮೈ ಏರಿ, ಆಚೆ ಇಳಿದು ಹೋಯಿತು. ಹಾವು ಅಲುಗಾಡಲಿಲ್ಲ. ನಾಲ್ಕನೇ ದಿನ ನಾನು ಫೋಟೋಗೆ ಅಡ್ಡ ಬಂದಿತ್ತು ಅಂತ ಒಂದು ಎಲೆಯನ್ನು ಕೋಲಲ್ಲಿ ಸರಿಸಿದೆ. ಅಷ್ಟೇ ಮಾಡಿದ್ದು. ಬೆಳಿಗ್ಗೆ ಹೋದರೆ ಟೊಂಗೆ ಖಾಲಿ, ಆ ಮಳೆಗಾಲ ಮುಗಿಯುವವರೆಗೂ ಅದು ಅಲ್ಲಿಗೆ ಬರಲಿಲ್ಲ. ಎಲೆ ಅಡ್ಡ ಬಂದರೆ ಬರಲಿ, ಮುಟ್ಟಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದು ಅದಕ್ಕೇ. ಎರಡು ಮೀಟರು ದೂರ ನಿಂತು, ಫ್ಲ್ಯಾಶ್ ಬಿಟ್ಟು, ಟಾರ್ಚನ್ನು ಓರೆಯಾಗಿ ಹಾಕಿ ತೆಗೆದ ಫೋಟೋನೇ ಚೆನ್ನಾಗಿರುತ್ತದೆ.

ಗೂನುಮೂತಿಯ ಮಂಡಲ ಅಂತ ಇನ್ನೊಂದು ಗುಳಿ ಮಂಡಲ ಇದೆ. ದರಗಿನ ಬಣ್ಣ, ದರಗಿನ ಮೇಲೇ ಕೂರುತ್ತದೆ, ಗೇಣಿಗಿಂತ ಸ್ವಲ್ಪ ಉದ್ದ. ತೋಟದ ಕೆಲಸದವರಿಗೆ ಜಾಸ್ತಿ ಕಚ್ಚೋ ಹಾವುಗಳಲ್ಲಿ ಇದೂ ಒಂದು. ಮರದ ಬೇರಿನ ಸಂದಿಗೆ ಕಾಲು ಇಡೋ ಮೊದಲು ಟಾರ್ಚು ಹಾಕಿ.

ಕಪ್ಪೆ

ಕಪ್ಪೆಗೆ ಕಣ್ಣಿಗಿಂತ ಕಿವಿ ಮುಖ್ಯ. ಹಳ್ಳದ ಬದಿ ಹತ್ತು ನಿಮಿಷ ಟಾರ್ಚು ಆರಿಸಿ ಕೂತುಕೊಳ್ಳಿ. ಮೊದಲು ಒಂದೇ ಗದ್ದಲ ಅನ್ನಿಸುತ್ತದೆ, ಆಮೇಲೆ ಒಂದೊಂದೇ ದನಿ ಬಿಡಿಬಿಡಿಯಾಗುತ್ತದೆ: ಹುಲ್ಲಿನಿಂದ ಒಂದು ಟಿಕ್‌ಟಿಕ್, ನೀರಿನ ಅಂಚಿನಿಂದ ಒಂದು ಟೊಕ್, ಮೇಲೆಲ್ಲೋ ಎಲೆಯಿಂದ ಕೀರಲು. ಒಂದು ದನಿ ಹಿಡಿದು ಅದರ ದಿಕ್ಕಿಗೆ ಮಾತ್ರ ಹೋಗಿ.

ಕೆರೆ, ಬಾವಿ, ನೀರು ನಿಂತ ಗುಂಡಿಯ ಮೇಲೆ ಬಾಗಿದ ಕೊಂಬೆಯಲ್ಲಿ ಬಿಳಿ ನೊರೆಯ ಉಂಡೆ ಕಂಡರೆ ಅದು ಹಾರುವ ಕಪ್ಪೆಯ ಗೂಡು. ಹಿಂಗಾಲಲ್ಲಿ ಮಜ್ಜಿಗೆ ಕಡೆದಂತೆ ಕಡೆದು ಮಾಡಿದ ನೊರೆ ಅದು, ಒಳಗೆ ಮೊಟ್ಟೆ. ಕೆಲವು ದಿನಕ್ಕೆ ನೊರೆ ಕರಗಿ, ಗೊದಮೊಟ್ಟೆಗಳು ತೊಟ್ಟಿಕ್ಕಿ ಕೆಳಗಿನ ನೀರಿಗೇ ಬೀಳುತ್ತವೆ. ಕೊಂಬೆ ಅಲುಗಿಸಿದರೆ ಅವು ನೆಲಕ್ಕೆ ಬಿದ್ದು ಸಾಯುತ್ತವೆ, ಆದ್ದರಿಂದ ಕೆಳಗೆ ನಿಂತೇ ನೋಡಿ. ಈ ಕಪ್ಪೆಯ ಬೆರಳ ನಡುವಿನ ಪೊರೆ ಕೆಂಪು, ಮೈ ಎಳೆ ಬಾಳೆಲೆಯ ಹಸಿರು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕುಂಬಾರ ಕಪ್ಪೆ. ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ನೋಡಿ ಇದನ್ನು 2014ರಲ್ಲಿ ಹೊಸ ಜಾತಿ ಅಂತ ವಿವರಿಸಿದರು, ವೈಜ್ಞಾನಿಕ ಹೆಸರಲ್ಲೂ ಕುಂಬಾರ ಅಂತಲೇ ಇದೆ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಹಳ್ಳದ ತಳದಿಂದ ಕೈ ತುಂಬ ಕೆಸರು ತಂದು, ಹಿಂಗಾಲ ಮೇಲೆ ಎದ್ದು ನಿಂತು ಮೊಟ್ಟೆಗಳಿಗೆ ಮೆತ್ತುತ್ತದೆ. ಗೋಡೆಗೆ ಮಣ್ಣು ಮೆತ್ತುವವರ ಕೈಯ ಹಾಗೇ ಆ ಕೈ ಓಡುತ್ತದೆ. ಇದನ್ನು ನೋಡಬೇಕು ಅಂದರೆ ಹಳ್ಳದಲ್ಲಿ ಇಳಿದು ತುಳಿದಾಡಬಾರದು, ದಡದಲ್ಲೇ ಇರಿ, ಬೆಳಕು ಮಂದ ಇರಲಿ. ಹಗಲು ಹೊತ್ತು ಹರಿಯೋ ನೀರಿನ ನಡುವಿನ ಒದ್ದೆ ಕಲ್ಲುಗಳನ್ನು ನೋಡುತ್ತಾ ಕೂತರೆ ಕುಣಿಯೋ ಕಪ್ಪೆಗಳೂ ಸಿಗುತ್ತವೆ. ನೀರಿನ ಸದ್ದಲ್ಲಿ ಕೂಗು ಕೇಳದು ಅಂತ ಗಂಡುಗಳು ಒಂದೊಂದೇ ಹಿಂಗಾಲು ಚಾಚಿ ಬೀಸುತ್ತವೆ. ಒಂದು ಜಾತಿಗೆ ನಮ್ಮ ಕೊಟ್ಟಿಗೆಹಾರದ್ದೇ ಹೆಸರಿದೆ.

ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗೋ ಮೊದಲು ಬೂಟು ತೊಳೆದು ಒಣಗಿಸಿ. ಕೈಟ್ರಿಡ್ ಅನ್ನೋ ಶಿಲೀಂಧ್ರ ಲೋಕದ ಎಷ್ಟೋ ಕಡೆ ಕಪ್ಪೆಗಳನ್ನು ಕೊಂದಿದೆ, ಅದು ಕೆಸರಿನ ಜೊತೆಗೇ ಸಾಗುತ್ತದೆ.

ಹಗಲಿನವು

ಹಾರುವ ಓತಿಗೆ ದಟ್ಟ ಕಾಡಿಗಿಂತ ಅಡಿಕೆ ತೋಟದಲ್ಲಿ ಹುಡುಕೋದು ಸುಲಭ, ಮರಗಳು ನೆಟ್ಟಗೆ ಇವೆ, ಕಾಂಡದ ಮೇಲೆ ಬೇರೇನೂ ಇಲ್ಲ. ಬಿಸಿಲು ಬಿದ್ದ ಬೆಳಿಗ್ಗೆ ಎಂಟೂವರೆ ಒಂಬತ್ತರ ಮೇಲೆ ತೋಟದಲ್ಲಿ ಕೂತು, ಕಾಂಡಗಳ ಮೇಲೆ ಕಣ್ಣಿಡಿ. ಓತಿ ಕೂತಿದ್ದಾಗ ತೊಗಟೆಯೇ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಫಕ್ಕನೆ ಚಾಚಿ ಮಡಚುತ್ತದೆ, ಆ ಹಳದಿ ಮಿಂಚಿದ ಜಾಗ ಗುರುತಿಟ್ಟುಕೊಳ್ಳಿ. ಹಾರುವಾಗ ಚಾಚೋದು ರೆಕ್ಕೆಯಲ್ಲ, ಉದ್ದವಾದ ಪಕ್ಕೆಲುಬುಗಳ ಮೇಲೆ ಬಿಗಿದ ಚರ್ಮ. ಒಂದು ಮರದಿಂದ ಜಾರಿ ಇನ್ನೊಂದರ ಬುಡದತ್ತ ಬಂದು, ಮತ್ತೆ ಮೇಲಕ್ಕೆ ಓಡುತ್ತದೆ. ಹೆಣ್ಣು ನೆಲಕ್ಕೆ ಇಳಿಯೋದು ಮೊಟ್ಟೆಯಿಡೋಕೆ ಮಾತ್ರ, ಆಗ ಅದರ ಹತ್ತಿರ ಹೋಗಬೇಡಿ.

ಹಸಿರು ಹಾವು ಕಣ್ಣು ಕುಕ್ಕುತ್ತದೆ ಅಂತಾರೆ, ಸುಳ್ಳು. ಹಾವುರಾಣಿ ಕಚ್ಚಿದರೆ ಬದುಕುವುದಿಲ್ಲ ಅಂತಾರೆ, ಅದಕ್ಕೆ ವಿಷವೇ ಇಲ್ಲ. ಕೇರೆ ಹಸುವಿನ ಹಾಲು ಕುಡಿಯುವುದಿಲ್ಲ, ಇಲಿ ತಿನ್ನುತ್ತದೆ. ತೋಳಹಾವನ್ನು ಕಟ್ಟುಹಾವು ಅಂದುಕೊಂಡು ಹೊಡೆದು ಹಾಕುತ್ತಾರೆ, ಕಟ್ಟುಹಾವನ್ನು ತೋಳಹಾವು ಅಂದುಕೊಂಡು ಕೈಯಲ್ಲಿ ಎತ್ತೋರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಗುರುತು ಗ್ಯಾರಂಟಿ ಇಲ್ಲದ ಯಾವ ಹಾವನ್ನೂ ವಿಷದ್ದೇ ಅಂತ ತಿಳಿದು ದೂರ ನಿಲ್ಲಿ. ಕುಕ್ಕರ್ ಕೂಗಿದ ಹಾಗೆ ಬುಸುಗುಡುವುದು ಕೇಳಿದರೆ ಕೊಳಕು ಮಂಡಲ, ಎಲ್ಲಿದೆ ಅಂತ ಕಣ್ಣಿಗೆ ಬೀಳುವವರೆಗೂ ಕಾಲು ಎತ್ತಬೇಡಿ.

ತಲೆ ಎತ್ತಿದರೆ ಮಂಗಟ್ಟೆ ಹಕ್ಕಿ, ಕೆಂಜಳಿಲು, ಅದೃಷ್ಟವಿದ್ದರೆ ಸಿಂಗಳೀಕದ ಗುಂಪು. ಸಿಂಗಳೀಕಕ್ಕೆ ಬಾಳೆಹಣ್ಣು, ಚಿಪ್ಸ್ ಹಾಕಬೇಡಿ. ತಿಂಡಿಗೆ ರಸ್ತೆಗೆ ಇಳಿದು ಗಾಡಿಗೆ ಸಿಕ್ಕಿ ಸಾಯುತ್ತವೆ. ಕಾಟಿ ಎದುರಾದರೆ ಫೋಟೋದ ಯೋಚನೆ ಬಿಟ್ಟು, ಅದಕ್ಕೆ ಹೋಗೋ ದಾರಿ ಕೊಟ್ಟು, ಮೆಲ್ಲಗೆ ಹಿಂದೆ ಸರಿಯಿರಿ.

ಕಾಳಿಂಗ ಎದುರಾದರೆ

ಮಲೆನಾಡಲ್ಲಿ ಕಾಳಿಂಗನನ್ನು ಹೊಡೆಯುವವರು ಕಡಿಮೆ, ಕಂಡರೆ ಕೈ ಮುಗಿಯುತ್ತಾರೆ. ಉರಗತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದ್ದಕ್ಕೂ ಈ ಹಾವೇ ಕಾರಣ. ಲೋಕದ ಕಾಳಿಂಗಗಳೆಲ್ಲ ಒಂದೇ ಜಾತಿ ಅಂತ 2024ರವರೆಗೆ ಎಣಿಸುತ್ತಿದ್ದರು. ಆ ವರ್ಷ, ಆಗುಂಬೆ ಸುತ್ತ ಕೆಲಸ ಮಾಡುವ ಪಿ. ಗೌರಿಶಂಕರ್ ಮತ್ತು ಜೊತೆಯವರು ಅದು ನಾಲ್ಕು ಜಾತಿ ಅಂತ ತೋರಿಸಿ, ಪಶ್ಚಿಮ ಘಟ್ಟದ್ದಕ್ಕೆ ಒಫಿಯೋಫಾಗಸ್ ಕಾಳಿಂಗ ಅಂತ ನಮ್ಮ ಮಾತಿನ ಹೆಸರನ್ನೇ ಇಟ್ಟರು. ಓದಿದ ದಿನ ನನಗೆ ಆದ ಖುಷಿ ಹೇಳೋಕಾಗದು.

ಮಾರ್ಚ್‌ನಿಂದ ಮೇವರೆಗೆ ಅವು ಜೋಡಿಯಾಗುವ ಕಾಲ, ಗಂಡುಗಳು ಹೆಣ್ಣಿನ ವಾಸನೆ ಹಿಡಿದು ಬಹಳ ದೂರ ಓಡಾಡುತ್ತವೆ, ಸೌದೆ ಕೊಟ್ಟಿಗೆ, ಬಚ್ಚಲಿಗೆ ನುಗ್ಗೋದು ಆಗಲೇ. ಕೇರೆಯ ಬೆನ್ನುಹತ್ತಿ ಮನೆಗೆ ಬರೋದೂ ಇದೆ, ಅದರ ಊಟವೇ ಬೇರೆ ಹಾವು. ಬಂದರೆ ಮಕ್ಕಳನ್ನೂ ನಾಯಿಯನ್ನೂ ಹೊರಗೆ ಕರೆದುಕೊಳ್ಳಿ, ಹಾವಿಗೆ ಹೊರಗೆ ಹೋಗೋ ಬಾಗಿಲು ತೆಗೆದಿಡಿ, ಜನ ಸೇರಿಸಬೇಡಿ. ಎಷ್ಟೋ ಸಲ ಒಂದೆರಡು ಗಂಟೆಯಲ್ಲಿ ತಾನೇ ಹೋಗುತ್ತದೆ. ಹೋಗದಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ಅವರು ಅನುಮತಿ ಇರುವವರನ್ನು ಕಳಿಸುತ್ತಾರೆ. ಹಿಡಿದ ಮೇಲೆ ದೂರದ ಕಾಡಿಗೆ ಒಯ್ಯಿರಿ ಅಂತ ಹಟ ಮಾಡಬೇಡಿ. ಗೊತ್ತಿಲ್ಲದ ಕಾಡಲ್ಲಿ ಬಿಟ್ಟ ಹಾವು ನೆಲೆ ಸಿಗದೆ ಅಲೆಯುತ್ತದೆ, ಹತ್ತಿರದ ಅದರದ್ದೇ ಕಾಡಿಗೆ ಬಿಡೋದೇ ಸರಿ.

ಬಿದಿರು ಮೆಳೆ ಹತ್ತಿರ ದರಗಿನ ಗುಡ್ಡೆಯೊಂದು ಯಾರೋ ಗುಡಿಸಿ ಒಟ್ಟಿದ ಹಾಗೆ ಕಂಡರೆ ಕೆದಕಬೇಡಿ. ಹಾವುಗಳಲ್ಲಿ ಹೀಗೆ ಎಲೆ ಒಟ್ಟಿ ಗೂಡು ಕಟ್ಟೋದು ಕಾಳಿಂಗ ಮಾತ್ರ. ಮೈಯಿಂದಲೇ ಎಲೆ ಎಳೆದು ತರುತ್ತದೆ, ಒಳಗೆ ಮೊಟ್ಟೆಯಿಟ್ಟು ತಾಯಿ ಮೇಲೆ ಕಾವಲಿರುತ್ತದೆ.

ಕಚ್ಚಿದರೆ

ಇದನ್ನು ಹೊರಡೋ ಮೊದಲೇ ಓದಿಕೊಳ್ಳಿ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ನಾಟಿ ಔಷಧಿ ಅಂತ ಹೊತ್ತು ಕಳೆಯಬೇಡಿ. ಉಂಗುರ, ಬಳೆ, ವಾಚು, ಬೂಟು ಕೂಡಲೇ ಬಿಚ್ಚಿ, ಬಾವು ಬಂದ ಮೇಲೆ ಬಿಚ್ಚೋಕಾಗುವುದಿಲ್ಲ. ಮೂಳೆ ಮುರಿದವರಿಗೆ ಕಟ್ಟುವ ಹಾಗೆ ಕೈಗೋ ಕಾಲಿಗೋ ಒಂದು ಕೋಲು ಸಡಿಲವಾಗಿ ಕಟ್ಟಿ, ಅಲುಗಾಡದಂತೆ ಮಾಡಿ, ನಡೆಸದೆ ಎತ್ತಿಕೊಂಡು ಹೋಗಿ. ಕಚ್ಚಿದ ಹೊತ್ತು ಬರೆದುಕೊಳ್ಳಿ. ಹಾವನ್ನು ಹಿಡಿದೋ ಕೊಂದೋ ತರೋಕೆ ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುತ್ತಾರೆ, ದೂರದಿಂದ ಒಂದು ಫೋಟೋ ಸಿಕ್ಕರೆ ಸರಿ. 108ಕ್ಕೆ ಫೋನ್ ಮಾಡಿ. ಆದರೆ ಘಾಟಿಯಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಅದಕ್ಕೇ ವಿಷಕ್ಕೆ ಮದ್ದಿರುವ ಆಸ್ಪತ್ರೆ ಯಾವುದು, ಗಾಡಿ ಯಾರ ಹತ್ತಿರ ಇದೆ ಅಂತ ಮೊದಲ ದಿನವೇ ಉಳಿದ ಮನೆಯಲ್ಲಿ ಕೇಳಿಟ್ಟುಕೊಳ್ಳಿ.

ಇನ್ನೊಂದು ವಿಷಯ ಮಲೆನಾಡಿಗೆ ಬರೋರಿಗೆ ಗೊತ್ತಿರಬೇಕು. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ಗುಳಿ ಮಂಡಲಗಳಿಗೂ ಕಾಳಿಂಗಕ್ಕೂ ಅದು ಮಾಡಿದ್ದಲ್ಲ. ಗುಳಿ ಮಂಡಲ ಕಚ್ಚಿ ಸಾಯೋದು ಅಪರೂಪ, ಆದರೂ ಕಿಡ್ನಿಗೆ, ರಕ್ತಕ್ಕೆ ತೊಂದರೆ ಆಗಬಹುದು, ಆಸ್ಪತ್ರೆಯಲ್ಲಿ ನೋಡಿಕೊಳ್ಳಲೇಬೇಕು. ಕಟ್ಟುಹಾವು ಕಚ್ಚೋದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರಿಗೆ, ನೋವೇ ಗೊತ್ತಾಗದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣು ರೆಪ್ಪೆ ಬೀಳೋದು ಕಂಡರೆ ಗ್ಯಾಸ್ಟ್ರಿಕ್ ಅಂತ ಸುಮ್ನಾಗಬೇಡಿ. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಕರ್ನಾಟಕ 2024ರಲ್ಲಿ ನಿಯಮ ಮಾಡಿದೆ, ಆದ್ದರಿಂದ ಕಚ್ಚಿ ಗುಣವಾದರೂ ಆಸ್ಪತ್ರೆಯಲ್ಲಿ ಹೇಳಿ ಬರೆಸಿ. ಯಾವ ಊರಿಗೆ ಎಷ್ಟು ಮದ್ದು ಬೇಕು ಅಂತ ಲೆಕ್ಕ ಸಿಗೋದು ಹಾಗೆ ಬರೆಸಿದರೆ ಮಾತ್ರ.

ವಾಪಸು ಹೋಗುವಾಗ ಮಳೆ ಬರುತ್ತಿದ್ದು ಕತ್ತಲಾಗಿದ್ದರೆ, ದಯವಿಟ್ಟು ಘಾಟಿ ರಸ್ತೆಯಲ್ಲಿ ಮೂವತ್ತರ ಮೇಲೆ ಓಡಿಸಬೇಡಿ. ಒದ್ದೆ ಡಾಂಬರಿನ ಮೇಲೆ ಕಪ್ಪೆ, ಏಡಿ, ಮರಿ ಹಾವು ನೂರಾರು ಇರುತ್ತವೆ, ಬೆಳಿಗ್ಗೆ ಅದೇ ರಸ್ತೆಯಲ್ಲಿ ನಡೆದು ನೋಡಿದರೆ ಎಷ್ಟು ಸತ್ತಿವೆ ಅಂತ ಗೊತ್ತಾಗುತ್ತದೆ, ನನಗೆ ಇವತ್ತಿಗೂ ಅದನ್ನು ನೋಡೋಕಾಗುವುದಿಲ್ಲ. ಹಾವು ಅಡ್ಡ ಬಂದರೆ ಹಿಂದೆ ಗಾಡಿ ಇಲ್ಲ ಅಂತ ನೋಡಿಕೊಂಡು ನಿಲ್ಲಿಸಿ, ಎರಡೂ ಇಂಡಿಕೇಟರ್ ಹಾಕಿ, ದೊಡ್ಡ ಲೈಟು ಇಳಿಸಿ. ಹಾರನ್ ಹೊಡೆದು ಉಪಯೋಗವಿಲ್ಲ. ಎರಡು ನಿಮಿಷದಲ್ಲಿ ದಾಟುತ್ತದೆ.

ಫೋಟೋ ಹಾಕುವಾಗ ತಾಲೂಕಿನ ಹೆಸರು ಸಾಕು, ಜಾಗದ ಗುರುತು ತೆಗೆದುಬಿಡಿ. ಕಾಳಿಂಗದ ಗೂಡಿನ ಫೋಟೋ ಮಾತ್ರ ಮರಿಗಳು ಹೊರಬಿದ್ದು ಹೋಗುವ ತನಕ ಎಲ್ಲಿಯೂ ಹಾಕಬೇಡಿ, ಆ ತೋಟದವರಿಗೂ ಅರಣ್ಯ ಇಲಾಖೆಗೂ ಹೇಳಿದರೆ ಆಯಿತು.